ಚಿಕ್ಕಮ್ಮನ ನೀಲಿ ಕಲ್ಲು: ಲ್ಯಾಪಿಸ್ ಲಝುಲಿ ನೀರಲ್ಲಿ ನೆನೆಸಿ ಕುಡೀಬಹುದಾ?

ನೀಲಿಮಸಿ:
ಎಲ್ರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮ ತೀರಿಕೊಂಡ ಮೇಲೆ ಅವ್ರ ಪೆಟ್ಟಿಗೇಲಿ ಒಂದು ಪೆಂಡೆಂಟ್ ಸಿಕ್ತು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಗಾಢ ನೀಲಿ, ಒಳಗೆಲ್ಲ ಬಂಗಾರದ ಪುಡಿ ಉದುರಿಸಿದ ಹಾಗೆ ಚುಕ್ಕಿಗಳು, ಒಂದು ಅಂಚಲ್ಲಿ ಬಿಳಿ ಗೆರೆ. ಜೊತೆಗೆ ಅವ್ರದೇ ಕೈಬರಹದ ಚೀಟಿ: ಲ್ಯಾಪಿಸ್, ಗಂಟಲಿಗೆ ಒಳ್ಳೇದು, ರಾತ್ರಿ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಕುಡಿಯೋದು ಅಂತ. ಅವ್ರಿಗೆ ಇದೆಲ್ಲ ಯಾರು ಹೇಳಿಕೊಟ್ರೋ ಗೊತ್ತಿಲ್ಲ, ಯಾವತ್ತೂ ಬಾಯಿ ಬಿಟ್ಟವರಲ್ಲ. ನಿನ್ನೆ ರಾತ್ರಿ ಸುಮ್ನೆ ನೋಡೋಣ ಅಂತ ಬಾಟಲೀಲಿ ಹಾಕಿಟ್ಟಿದೀನಿ, ಇನ್ನೂ ಕುಡಿದಿಲ್ಲ. ಈ ಬಂಗಾರದ ಚುಕ್ಕಿ ನಿಜವಾದ ಬಂಗಾರಾನಾ, ಕಲ್ಲು ಅಸಲೀನಾ, ನೀರು ಕುಡಿದ್ರೆ ಏನಾದ್ರೂ ಆಗುತ್ತಾ? ಗೊತ್ತಿರೋರು ಹೇಳಿ.

ಕಲ್ಲುಬಂಡೆ:
ಮೊದ್ಲು ಕಲ್ಲನ್ನ ಬಾಟಲಿಯಿಂದ ಆಚೆ ತೆಗೀರಿ, ಒಣ ಬಟ್ಟೇಲಿ ಒರೆಸಿ. ಆಮೇಲೆ ಮಾತಾಡೋಣ.

ನೀಲಿಮಸಿ:
ತೆಗೆದೆ. ಭಯ ಪಡಿಸ್ತಿದೀರಲ್ಲ ಸಾರ್.

ಕಲ್ಲುಬಂಡೆ:
ಭಯ ಬೇಡ, ಒಂದು ರಾತ್ರಿಗೆ ಪ್ರಳಯ ಏನೂ ಆಗಿರಲ್ಲ. ಆದ್ರೆ ಲ್ಯಾಪಿಸ್ ಅಂದ್ರೆ ಏನು ಅಂತ ಗೊತ್ತಾದ್ರೆ ನೀವೇ ಮತ್ತೆ ನೀರಿಗೆ ಹಾಕಲ್ಲ. ಮೊದಲನೇದಾಗಿ ಇದು ಒಂದು ಖನಿಜ ಅಲ್ಲ, ಶಿಲೆ, ಅಂದ್ರೆ ನಾಲ್ಕೈದು ಖನಿಜಗಳು ಸೇರಿ ಆಗಿರೋ ಕಲಸುಮೇಲೋಗರ. ನೀಲಿ ಭಾಗಕ್ಕೆ ಲಾಝುರೈಟ್ ಅಂತ ಹೆಸರು (ಅದ್ರಲ್ಲಿ ಬಹುಪಾಲು ಹೌಯ್ನ್ ಅನ್ನೋ ಅದರ ದಾಯಾದಿ ಖನಿಜ ಅಂತ ಖನಿಜತಜ್ಞರ ವಾದ ಇದೆ, ಸದ್ಯಕ್ಕೆ ಅದು ಬೇಡ). ಬಿಳಿ ಗೆರೆ ಕ್ಯಾಲ್ಸೈಟ್, ಅಂದ್ರೆ ಸುಣ್ಣದ ಕಲ್ಲಿನ ಅದೇ ವಸ್ತು. ನಿಮ್ಮ ಬಂಗಾರದ ಚುಕ್ಕಿ ಪೈರೈಟ್, ಕಬ್ಬಿಣ ಮತ್ತೆ ಗಂಧಕ ಸೇರಿದ್ದು, ಮೂರ್ಖರ ಚಿನ್ನ ಅಂತಾರಲ್ಲ ಅದು. ಬೇಜಾರು ಮಾಡ್ಕೋಬೇಡಿ.

ಈಗ ನೀರಿನ ವಿಷಯ. ಪೈರೈಟ್‌ಗೆ ನೀರು ಮತ್ತೆ ಗಾಳಿ ಎರಡೂ ಸಿಕ್ರೆ ನಿಧಾನಕ್ಕೆ ತುಕ್ಕು ಹಿಡಿಯುತ್ತೆ, ಹಿಡಿದಾಗ ಸ್ವಲ್ಪ ಸ್ವಲ್ಪ ಗಂಧಕಾಮ್ಲ ಬಿಡುತ್ತೆ, ಆ ಆಮ್ಲ ಪಕ್ಕದಲ್ಲೇ ಇರೋ ಕ್ಯಾಲ್ಸೈಟನ್ನ ತಿನ್ನುತ್ತೆ. ಪೈರೈಟ್ ಒಳಗೆ ಕೆಲವು ಸಲ ಆರ್ಸೆನಿಕ್ ಕೂಡ ಸೇರಿಕೊಂಡಿರುತ್ತೆ. ಇದು ಸಾಲದು ಅಂತ ಮಾರ್ಕೆಟ್ಟಿಗೆ ಬರೋ ಲ್ಯಾಪಿಸ್‌ನಲ್ಲಿ ಎಷ್ಟೋ ಕಲ್ಲಿಗೆ ಬಿಳಿ ಕಾಣಬಾರ್ದು ಅಂತ ಬಣ್ಣ ಕುಡಿಸಿರ್ತಾರೆ, ಮೇಲೆ ಮೇಣ ಅಥವಾ ಪ್ಲಾಸ್ಟಿಕ್ ರಾಳ ತುಂಬಿರ್ತಾರೆ. ನೀವು ಕುಡಿಯೋದು ಕಲ್ಲಿನ ಶಕ್ತಿ ಅಲ್ಲ, ಯಾವನೋ ಹಾಕಿದ ಡೈ.

ತಂಪುಗಾಳಿ:
ಕಲ್ಲುಬಂಡೆಯವರೇ ನೀವು ಪ್ರತಿ ಸಲ ಹೀಗೇ ಬಂದು ತಣ್ಣೀರೆರಚ್ತೀರಿ. ನಾನು ಐದಾರು ವರ್ಷದಿಂದ ಧ್ಯಾನಕ್ಕೆ ಕೂತಾಗ ಲ್ಯಾಪಿಸ್ ಕೈಯಲ್ಲಿ ಹಿಡ್ಕೊಳ್ತೀನಿ, ಮನಸ್ಸು ಶಾಂತ ಆಗುತ್ತೆ, ಮಾತಾಡೋಕೆ ಹೆದರ್ತಿದ್ದೋಳು ಈಗ ನೇರವಾಗಿ ಮಾತಾಡ್ತೀನಿ. ಇದು ವಿಶುದ್ಧಿ ಚಕ್ರದ, ಅಂದ್ರೆ ಗಂಟಲಿನ ಚಕ್ರದ ಕಲ್ಲು, ಸತ್ಯ ಮಾತಾಡಿಸೋ ಕಲ್ಲು. ಸಾವಿರಾರು ವರ್ಷದಿಂದ ಜನ ಸುಮ್ನೆ ನಂಬ್ಕೊಂಡು ಬಂದಿದಾರಾ? (ನೀರಿಗೆ ಹಾಕಬಾರ್ದು ಅನ್ನೋದು ನಿಜ, ನಾವೂ ಹಾಕಲ್ಲ. ನೀರಿನ ಬಾಟಲಿ ಪಕ್ಕ ಇಡ್ತೀವಿ ಅಷ್ಟೆ.)

ಸುಮ್ನೆಓದ್ತೀನಿ:
ಬಂತು ನೋಡಿ 😄 ಜಾಗ ಹಿಡ್ಕೊಂಡು ಕೂತೆ.

ಹಳೇಪುಟ:
ತಂಪುಗಾಳಿ, ಸಾವಿರಾರು ವರ್ಷ ಅಂದ್ರಲ್ಲ, ಅದು ನೂರಕ್ಕೆ ನೂರು ಸರಿ. ಆದ್ರೆ ಸಾವಿರಾರು ವರ್ಷದಿಂದ *ಏನು* ನಂಬಿದ್ರು ಅಂತ ನೋಡಿದ್ರೆ ಗಂಟಲು ಚಕ್ರ ಎಲ್ಲೂ ಬರಲ್ಲ, ಅದಕ್ಕಿಂತ ಚೆನ್ನಾಗಿರೋ ಕಥೆಗಳು ಬರ್ತವೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಹಳೇ ಲೋಕಕ್ಕೆಲ್ಲ ಈ ಕಲ್ಲು ಹೋಗಿದ್ದು ಮುಖ್ಯವಾಗಿ ಒಂದೇ ಜಾಗದಿಂದ, ಈಗಿನ ಅಫ್ಘಾನಿಸ್ತಾನದ ಬದಖ್‌ಶಾನ್, ಅಲ್ಲಿ ಕೋಕ್ಚಾ ನದಿ ಕಣಿವೆಯ ಸರ್-ಇ-ಸಂಗ್ ಗಣಿ. ಆರು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲಿಂದ ತೆಗೀತಿದಾರೆ, ಈಗ್ಲೂ ತೆಗೀತಿದಾರೆ. ಅಲ್ಲಿಂದ ಕತ್ತೆ ಮೇಲೆ, ಹೆಗಲ ಮೇಲೆ, ಇರಾನಿನ ಶಹರ್-ಇ-ಸೋಖ್ತಾ ಥರದ ಊರುಗಳ ಮೂಲಕ ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್ ಕಡೆ), ಅಲ್ಲಿಂದ ಈಜಿಪ್ಟಿಗೆ. ಸಿಂಧೂ ನಾಗರಿಕತೆಯವರು ಎಲ್ಲೋ ದೂರದ ಅಮು ದರ್ಯಾ ದಡದಲ್ಲಿ, ಶೋರ್ತುಗಾಯ್ ಅನ್ನೋ ಜಾಗದಲ್ಲಿ ಒಂದು ನೆಲೆ ಮಾಡ್ಕೊಂಡಿದ್ರು, ಅದೂ ಈ ಕಲ್ಲಿನ ವ್ಯಾಪಾರಕ್ಕೆ ಅಂತಾನೇ ಬಹಳಷ್ಟು ವಿದ್ವಾಂಸರು ಹೇಳೋದು.

ಅದೇ ಮೆಸೊಪೊಟೇಮಿಯಾದ ಸುಮೇರ್ ನಾಡಿನ ಊರ್ ನಗರದ ರಾಜಸಮಾಧಿಗಳನ್ನ ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆದಾಗ ಪುವಾಬಿ ಅನ್ನೋ ರಾಣಿಯ ಮೈಮೇಲೆ ಚಿನ್ನದ ಜೊತೆ ರಾಶಿ ರಾಶಿ ಲ್ಯಾಪಿಸ್ ಮಣಿ ಸಿಕ್ತು, ಹೆಚ್ಚುಕಮ್ಮಿ 4500 ವರ್ಷ ಹಳೇದು. ಅಲ್ಲಿನ ಕಥೆಗಳಲ್ಲಿ ಇನ್ನೂ ಚೆನ್ನಾಗಿದೆ. ಇನಾನ್ನಾ ದೇವಿ ಪಾತಾಳಕ್ಕೆ ಇಳೀತಾಳೆ, ಏಳು ಬಾಗಿಲು, ಒಂದೊಂದು ಬಾಗಿಲಲ್ಲೂ ಒಂದೊಂದು ಒಡವೆ ಕಿತ್ಕೊಳ್ತಾರೆ, ಕೊರಳಿನ ಪುಟ್ಟ ಪುಟ್ಟ ಲ್ಯಾಪಿಸ್ ಮಣೀನೂ ಹೋಗುತ್ತೆ. ಅವಳು ವಾಪಸ್ ಬರದೇ ಇದ್ದಾಗ ಅವಳ ಸೇವಕಿ ದೇವರುಗಳ ಮನೆಬಾಗಿಲಿಗೆ ಹೋಗಿ ಅಳ್ತಾಳೆ, ನಿನ್ನ ಅಮೂಲ್ಯ ಲ್ಯಾಪಿಸ್ಸನ್ನ ಕಲ್ಲುಕುಟಿಗನ ಕಲ್ಲಿನ ಜೊತೆ ಸೀಳೋಕೆ ಬಿಡಬೇಡ ಅಂತ. ಅಲ್ಲಿ ಲ್ಯಾಪಿಸ್ ಅಂದ್ರೆ ಒಡವೆ ಅಲ್ಲ, ಆ ದೇವಿಯೇ. ಅಲ್ಲಿಯದೇ ಹಳೇ ಮಹಾಕಾವ್ಯ ಗಿಲ್ಗಮೇಶನ ಕಥೇಲಿ ಪ್ರಳಯ ಮುಗಿದ ಮೇಲೆ ತಾಯಿ ದೇವತೆ ತನ್ನ ಕೊರಳಿನ ಲ್ಯಾಪಿಸ್ ಹಿಡಿದು, ಈ ಹಾರ ಮರೆಯದ ಹಾಗೇ ಈ ದಿನಗಳನ್ನೂ ಮರೆಯಲ್ಲ ಅಂತಾಳೆ. ನನಗೆ ಆ ಜಾಗ ಓದಿದಾಗೆಲ್ಲ ಮೈ ಜುಮ್ ಅನ್ನುತ್ತೆ. ವಾಸಿ ಮಾಡೋ ಕಲ್ಲಲ್ಲ ಅದು, ನೆನಪಿಟ್ಕೊಳ್ಳೋ ಕಲ್ಲು.

ನೀಲಿಮಸಿ:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ. ಚಿಕ್ಕಮ್ಮನ ಕಲ್ಲು ಅಂತ ಹೇಳ್ಕೊಂಡು ಓದ್ತಿದ್ರೆ ಗಂಟಲು ಕಟ್ಟುತ್ತೆ. (ಗಂಟಲಿಗೆ ಒಳ್ಳೇದು ಅಂತ ಬರ್ದಿದ್ರು ನೋಡಿ.)

ಬಣ್ಣದಡಬ್ಬಿ:
@ಹಳೇಪುಟ ಈಜಿಪ್ಟ್ ಬಿಟ್ಟುಬಿಟ್ರಲ್ಲ! ತೂತಾಂಖಾಮನ್ ಮುಖವಾಡ ನೋಡಿದೀರಲ್ಲ ಎಲ್ರೂ, ಕಣ್ಣಿನ ಸುತ್ತ ಮತ್ತೆ ಹುಬ್ಬು ಲ್ಯಾಪಿಸ್. ಆದ್ರೆ ತಲೆವಸ್ತ್ರದ ಆ ನೀಲಿ ಪಟ್ಟೆಗಳು ಲ್ಯಾಪಿಸ್ ಅಲ್ಲ, ನೀಲಿ ಗಾಜು. ಫೇರೋಗೂ ಡೂಪ್ಲಿಕೇಟ್ ಹಾಕಿದಾರೆ.

ಹಳೇಪುಟ:
ಹಹ್ಹ ಹೌದು. ಆದ್ರೆ ಅವ್ರು ಅದನ್ನ ಮೋಸ ಅಂತ ಅಂದ್ಕೊಂಡಿರ್ಲಿಲ್ಲ ಅನ್ಸುತ್ತೆ. ಈಜಿಪ್ಟಿನ ಭಾಷೇಲಿ ಲ್ಯಾಪಿಸ್‌ಗೆ ಖೆಸ್ಬೆದ್ ಅಂತ ಹೆಸರು, ಮರಳು, ಸುಣ್ಣ, ತಾಮ್ರ ಕಾಯ್ಸಿ ಮಾಡ್ತಿದ್ದ ನೀಲಿಗೂ ಖೆಸ್ಬೆದ್ ಅಂತಾನೇ ಕರೀತಿದ್ರು, ಜೊತೆಗೆ 'ಮಾಡಿದ' ಅಂತ ಸೇರಿಸಿ. ಮಾಡಿದ ಲ್ಯಾಪಿಸ್, ನಿಜವಾದ ಲ್ಯಾಪಿಸ್, ಅಷ್ಟೆ ವ್ಯತ್ಯಾಸ. ಮುದುಕನಾದ ಸೂರ್ಯದೇವ ರಾನನ್ನ ವರ್ಣಿಸೋವಾಗ ಮೂಳೆ ಬೆಳ್ಳಿ, ಮಾಂಸ ಚಿನ್ನ, ಕೂದಲು ನಿಜವಾದ ಲ್ಯಾಪಿಸ್ ಅಂತಾರೆ, ಅಲ್ಲಿ 'ನಿಜವಾದ' ಅಂತ ಒತ್ತಿ ಹೇಳ್ತಾರೆ. ವಯಸ್ಸಾದ ದೇವರಿಗೆ ನೀಲಿ ಕೂದಲು!

ಉಪ್ಪಿನಕಣ:
ನನ್ನದೊಂದು ಸಣ್ಣ ಡೌಟು. ಲ್ಯಾಪಿಸ್ಸೂ ನೀಲಮಣೀನೂ ಒಂದೇನಾ? ನೀಲ ಅಂದ್ರೆ ಶನಿಯ ಕಲ್ಲು ಅಂತಾರಲ್ಲ, ಅದಕ್ಕೆ ಬದಲು ಲ್ಯಾಪಿಸ್ ಹಾಕ್ಕೋಬಹುದು ಅಂತ ಎಲ್ಲೋ ಓದಿದ ನೆನಪು.

ಕಲ್ಲುಬಂಡೆ:
ಹೆಸರು ಬಿಟ್ರೆ ಎರಡಕ್ಕೂ ಸಂಬಂಧಾನೇ ಇಲ್ಲ. ನೀಲಮಣಿ ಅಥವಾ ಇಂದ್ರನೀಲ ಅಂದ್ರೆ ಕೊರಂಡಮ್, ಅಲ್ಯೂಮಿನಿಯಂ ಆಕ್ಸೈಡ್, ಗಟ್ಟಿತನ ಹತ್ತಕ್ಕೆ 9, ವಜ್ರದ ಕೆಳಗಿನ ಮೆಟ್ಟಿಲು, ಬೆಳಕು ಒಳಗೆ ಹೋಗಿ ಬರುತ್ತೆ. ಲ್ಯಾಪಿಸ್ ಅಪಾರದರ್ಶಕ, ಗಟ್ಟಿತನ 5 ಅಥವಾ 5.5, ಮೇಜಿನ ಮೇಲಿನ ಧೂಳಲ್ಲಿರೋ ಮರಳುಕಣಾನೇ ಅದನ್ನ ಗೀಚಬಹುದು. ನೀಲಮಣಿಗೆ ನೀಲಿ ಬರೋದು ಒಳಗಿರೋ ಚೂರೇಚೂರು ಕಬ್ಬಿಣ ಮತ್ತೆ ಟೈಟಾನಿಯಂ ಮಧ್ಯೆ ಎಲೆಕ್ಟ್ರಾನ್ ಅತ್ತಿತ್ತ ಜಿಗಿಯೋದ್ರಿಂದ. ಲ್ಯಾಪಿಸ್‌ದು ಬೇರೇನೇ ಕಥೆ, ಅದ್ರ ಬಣ್ಣಕ್ಕೆ ಯಾವ ಲೋಹಾನೂ ಬೇಡ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಬರೀಲಾ?

ಸುಮ್ನೆಓದ್ತೀನಿ:
ಬೇಡ ಅಂದ್ರೆ ಬಿಡ್ತೀರಾ

ಕಲ್ಲುಬಂಡೆ:
ಬಿಡಲ್ಲ.

ನೋಡಿ, ನೀಲಿ ಕಲ್ಲು ಕಂಡ ತಕ್ಷಣ ತಾಮ್ರ ಇರ್ಬೇಕು, ಕೋಬಾಲ್ಟ್ ಇರ್ಬೇಕು ಅಂತ ಅಂದ್ಕೊಳ್ತೀವಿ. ಲಾಝುರೈಟ್ ಒಳಗಿನ ರಚನೆ ಹಕ್ಕಿ ಪಂಜರದ ಥರ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕದ ಸರಳುಗಳು. ಕೆಲವು ಪಂಜರದೊಳಗೆ ಮೂರು ಗಂಧಕದ ಪರಮಾಣು ಕೈ ಕೈ ಹಿಡ್ಕೊಂಡು, ಒಂದು ಎಲೆಕ್ಟ್ರಾನ್ ಹೆಚ್ಚು ಇಟ್ಕೊಂಡು ಸಿಕ್ಕಿಹಾಕಿಕೊಂಡಿರ್ತವೆ. ಆಚೆ ಬಿಟ್ರೆ ಆ ಜೋಡಣೆ ಗಾಳಿಗೆ, ತೇವಕ್ಕೆ ಒಂದು ಗಳಿಗೆ ಬಾಳಲ್ಲ, ಪಂಜರದೊಳಗೆ ಕೋಟ್ಯಂತರ ವರ್ಷ ಹಾಗೇ ಇರುತ್ತೆ. ಅದು 600 ನ್ಯಾನೋಮೀಟರ್ ಆಸುಪಾಸಿನ ಹಳದಿ-ಕಿತ್ತಳೆ ಬೆಳಕನ್ನ ನುಂಗುತ್ತೆ, ಉಳಿದದ್ದು ನಮ್ಮ ಕಣ್ಣಿಗೆ ಆ ನೀಲಿ. ಅದೇ ಪಂಜರದಲ್ಲಿ ಮೂರರ ಬದಲು ಎರಡೇ ಗಂಧಕ ಇದ್ರೆ ಹಳದಿ ಕಡೆ ಹೋಗುತ್ತೆ, ಎರಡೂ ಬೆರೆತ್ರೆ ಹಸಿರು ಛಾಯೆ. ಹಳದಿ ಗಂಧಕದಿಂದ ಇಂಥಾ ನೀಲಿ ಅಂತ ಮೊದ್ಲು ಓದಿದಾಗ ನಾನೂ ನಂಬಿರ್ಲಿಲ್ಲ.

ಹುಟ್ಟೋದು ಹೇಗೆ ಅಂದ್ರೆ, ನೆಲದಾಳದಲ್ಲಿ ಅಮೃತಶಿಲೆ ಅಥವಾ ಸುಣ್ಣಕಲ್ಲಿನ ಪದರಕ್ಕೆ ಕರಗಿದ ಗ್ರಾನೈಟ್ ಶಿಲಾರಸ ಬಂದು ತಾಗುತ್ತೆ, ಬಿಸಿ ದ್ರವಗಳು ಸೋಡಿಯಂ, ಸಿಲಿಕಾ ಎಲ್ಲ ಹೊತ್ಕೊಂಡು ಒಳನುಗ್ಗಿ ಕಲ್ಲಿನ ಮೈಯನ್ನೇ ಬದಲಾಯಿಸ್ತವೆ. ಗಂಧಕಾನೂ ಬೇಕು, ಸಿಲಿಕಾ ಅತಿಯಾಗೂ ಇರಬಾರ್ದು. ಇಷ್ಟೆಲ್ಲ ಒಂದೇ ಕಡೆ ಕೂಡಿ ಬರೋದು ಅಪರೂಪ, ಅದಕ್ಕೇ ಪ್ರಪಂಚದಲ್ಲಿ ಹೇಳ್ಕೊಳ್ಳೋ ಅಂಥ ಜಾಗಗಳು ಬೆರಳೆಣಿಕೆ: ಬದಖ್‌ಶಾನ್, ರಷ್ಯಾದ ಬೈಕಲ್ ಸರೋವರದ ಹತ್ರದ ಸ್ಲ್ಯುದ್ಯಾಂಕಾ ಸುತ್ತಮುತ್ತ, ಚಿಲಿಯ ಆಂಡಿಸ್. ಚಿಲಿಯವರು 1984ರಲ್ಲಿ ಅದನ್ನ ರಾಷ್ಟ್ರೀಯ ಕಲ್ಲು ಅಂತಾನೂ ಮಾಡ್ಕೊಂಡ್ರು, ಅವ್ರದ್ರಲ್ಲಿ ಬಿಳಿ ಜಾಸ್ತಿ.

ಹಳೇಪುಟ:
ಉಪ್ಪಿನಕಣ ಕೇಳಿದ ಹೆಸರಿನ ಗೊಂದಲ ಇವತ್ತಿನದಲ್ಲ. ಗ್ರೀಕರು ಸಪ್ಫೈರೋಸ್ ಅಂದಿದ್ದು ಲ್ಯಾಪಿಸ್‌ಗೇ. ಗ್ರೀಕ್ ಪಂಡಿತ ಥಿಯೊಫ್ರಾಸ್ಟಸ್ ಅದನ್ನ ಬಂಗಾರದ ಚುಕ್ಕಿ ಇರೋ ಕಲ್ಲು ಅಂತಾನೆ, ರೋಮಿನ ಲೇಖಕ ಪ್ಲಿನೀನೂ ಅದನ್ನೇ ಹೇಳ್ತಾನೆ, ನೀಲಮಣೀಲಿ ಎಲ್ಲಿಂದ ಬರ್ಬೇಕು ಬಂಗಾರದ ಚುಕ್ಕಿ? ಬೈಬಲ್ಲಿನಲ್ಲಿ ದೇವರ ಪಾದದ ಕೆಳಗೆ ಆಕಾಶದಷ್ಟು ಸ್ವಚ್ಛವಾದ ಸಫೈರ್ ಹಾಸು ಇತ್ತು ಅಂತ ಬರುತ್ತಲ್ಲ, ಅದೂ ಲ್ಯಾಪಿಸ್ಸೇ ಇರ್ಬೇಕು ಅಂತಾರೆ. ಆ ಹೆಸರು ಆಮೇಲೆ ಕೊರಂಡಮ್ಮಿಗೆ ಹೋಯ್ತು. ಅಂದ್ರೆ ಸಫೈರ್ ಅದು ಮಾಡುತ್ತೆ ಇದು ಮಾಡುತ್ತೆ ಅಂತ ಹಳೇ ಪುಸ್ತಕಗಳಲ್ಲಿ ಇರೋ ಗುಣಗಳಲ್ಲಿ ಎಷ್ಟೋ ಲ್ಯಾಪಿಸ್‌ದು, ಈಗ ನೀಲಮಣಿ ಹಾಕ್ಕೊಂಡು ಓಡಾಡೋರು ಎರವಲು ಗುಣ ಹಾಕ್ಕೊಂಡು ಓಡಾಡ್ತಿದಾರೆ 🙂

ಇನ್ನು ಲ್ಯಾಪಿಸ್‌ಗೆ ಪರ್ಷಿಯನ್ನಲ್ಲಿ ಲಾಜ್ವರ್ದ್. ಅದೇ ಯುರೋಪಿಗೆ ಹೋಗಿ ಲಝುಲಿ ಆಯ್ತು, ಮೊದಲಿನ ಲ ಕಳ್ಕೊಂಡು ಅಝೂರ್ ಆಯ್ತು, ಸ್ಪ್ಯಾನಿಷ್‌ನ ನೀಲಿ 'ಅಸುಲ್' ಆಯ್ತು. ನಮ್ಮ ರಸಶಾಸ್ತ್ರದಲ್ಲಿ (ಲೋಹ, ಖನಿಜಗಳಿಂದ ಔಷಧ ಮಾಡೋ ಆಯುರ್ವೇದದ ಭಾಗ) ರಾಜಾವರ್ತ ಅಂತ ಉಪರತ್ನಗಳ ಸಾಲಲ್ಲಿ ಬರುತ್ತೆ, ಅದೂ ಇದೇ. ಲಾಜ್ವರ್ದ್, ರಾಜಾವರ್ತ, ಎರಡನ್ನೂ ಒಂದರ ಹಿಂದೆ ಒಂದು ಜೋರಾಗಿ ಹೇಳಿ ನೋಡಿ.

ತಂಪುಗಾಳಿ:
ಹಾಂ! ರಸಶಾಸ್ತ್ರದಲ್ಲೇ ಇದೆ ಅಂದ್ರೆ ಔಷಧೀಯ ಗುಣ ಇದೆ ಅಂತ ತಾನೇ ಅರ್ಥ? ಇಷ್ಟೊತ್ತು ಅದನ್ನೇ ಅಲ್ವಾ ನಾನು ಹೇಳಿದ್ದು.

ಹಳೇಪುಟ:
ಔಷಧ ಅಂತ ಬಳಸಿದ್ರು, ಇಲ್ಲ ಅಂದಿಲ್ಲ. ಆದ್ರೆ ಕಲ್ಲನ್ನ ನೀರಲ್ಲಿ ಅದ್ದಿ ಕುಡೀರಿ ಅಂತ ಅಲ್ಲಿಲ್ಲ. ಮೊದ್ಲು ಶೋಧನ ಅಂದ್ರೆ ಶುದ್ಧ ಮಾಡೋದು, ಆಮೇಲೆ ಪುಟ ಕೊಟ್ಟು ಮಾರಣ ಅಂದ್ರೆ ಸುಟ್ಟು ಭಸ್ಮ ಮಾಡೋದು, ಕಲ್ಲು ಕಲ್ಲಾಗೇ ಇರಲ್ಲ. ಬೇರೆ ಕಡೆ ಬಳಸಿದ ರೀತಿ ಕೇಳಿದ್ರೆ ನಗು ಬರುತ್ತೆ. ಡಯಾಸ್ಕೊರಿಡಿಸ್ ಅನ್ನೋ ಗ್ರೀಕ್ ವೈದ್ಯ ಒಂದನೇ ಶತಮಾನದಲ್ಲೇ, ಚೇಳು ಕಡಿದ್ರೆ ಇದನ್ನ ಕುಡಿಸಿದ್ರೆ ಆಗುತ್ತೆ ಅಂತ ಜನ ಅಂತಾರೆ ಅಂದಿದಾನೆ. 17ನೇ ಶತಮಾನದ ಯುರೋಪಿನಲ್ಲಿ ಮನಸ್ಸಿಗೆ ಮಂಕು ಕವಿದವರಿಗೆ, ವಿಷಾದದ ಕಾಯಿಲೆ ಅಂತ ಕರೀತಿದ್ರಲ್ಲ, ಅವ್ರಿಗೆ ಲ್ಯಾಪಿಸ್ ಪುಡಿ ಕೊಡ್ತಿದ್ರು. ಶಾಂತಿ ಕೊಡುತ್ತೆ ಅಂತ ಅಲ್ಲ, ಭೇದಿ ಆಗ್ಲಿ ಅಂತ. ದೇಹದಲ್ಲಿ ಕಪ್ಪು ಪಿತ್ತ ಜಾಸ್ತಿ ಆಗಿದ್ದಕ್ಕೇ ಬೇಸರ, ಅದು ಹೊರಗೆ ಹೋದ್ರೆ ಸರಿಯಾಗುತ್ತೆ ಅನ್ನೋ ಲೆಕ್ಕ. ಈಗಿನ ಜಾಹೀರಾತುಗಳಲ್ಲಿ 'ಪ್ರಾಚೀನರು ವಿಷಾದಕ್ಕೆ ಲ್ಯಾಪಿಸ್ ಬಳಸ್ತಿದ್ರು' ಅಂತ ಬರುತ್ತಲ್ಲ, ಪೂರ್ತಿ ಕಥೆ ಹೇಳಲ್ಲ ಯಾರೂ.

ಸುಮ್ನೆಓದ್ತೀನಿ:
ನೀಲಿಮಸಿ ಬಾಟಲಿ ಮುಟ್ಟಬೇಡಿ 😂😂

ಹಳೇಪುಟ:
ಚಕ್ರದ ವಿಷಯಾನೂ ಹೇಳಿಬಿಡ್ತೀನಿ, ಬೈಬೇಡಿ. ಮೂಲಾಧಾರ ಕೆಂಪು, ಮೇಲೆ ಹೋಗ್ತಾ ಹೋಗ್ತಾ ಕಾಮನಬಿಲ್ಲಿನ ಹಾಗೆ ಗಂಟಲಿಗೆ ನೀಲಿ ಅನ್ನೋ ಜೋಡಣೆ ಇದ್ಯಲ್ಲ, ಅದು 20ನೇ ಶತಮಾನದಲ್ಲಿ ಪಶ್ಚಿಮದಲ್ಲಿ ಬೆಳೆದಿದ್ದು. 1577ರ ಷಟ್ಚಕ್ರ ನಿರೂಪಣ ಅನ್ನೋ ಸಂಸ್ಕೃತ ಗ್ರಂಥದಲ್ಲಿ ವಿಶುದ್ಧಕ್ಕೆ 16 ದಳ, ಬಣ್ಣ ಹೊಗೆಯ ಥರ ಧೂಮ್ರ. ಹುಬ್ಬುಗಳ ಮಧ್ಯದ ಆಜ್ಞಾ ಚಕ್ರ ಚಂದ್ರನ ಹಾಗೆ ಬಿಳಿ. ನೀಲಿ ಕಲ್ಲಿಗೆ ನೀಲಿ ಚಕ್ರ ಅಂತ ಹೊಂದಿಸಿದ್ದು ತೀರಾ ಈಚೆಗೆ, ಗಂಟಲಿನಿಂದ ಮಾತು, ಮಾತಿನಿಂದ ಸತ್ಯ ಅಂತ ಅರ್ಥ ಅದಾದ್ಮೇಲೆ ಹರಿದು ಬಂತು.

ತಂಪುಗಾಳಿ:
ಹೊಸದಾದ್ರೆ ಸುಳ್ಳು ಅಂತಾನಾ? ನನಗೆ ಕೆಲಸ ಮಾಡ್ತಿದೆ ಅಂತಿದೀನಿ. ನೀವು ಪುಸ್ತಕ ತೋರಿಸ್ತೀರಿ.

ಕಲ್ಲುಬಂಡೆ:
ಕೆಲಸ ಮಾಡ್ತಿದೆ ಅನ್ನೋದನ್ನ ನಾನು ಒಪ್ತೀನಿ, ಕೆಲಸ ಮಾಡ್ತಿರೋದು ಕಲ್ಲಾ ಅನ್ನೋದು ಪ್ರಶ್ನೆ. 2001ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕ್ರಿಸ್ ಫ್ರೆಂಚ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ 80 ಜನರ ಮೇಲೆ ಒಂದು ಪ್ರಯೋಗ ಮಾಡ್ತು. ಕೆಲವರ ಕೈಗೆ ನಿಜವಾದ ಸ್ಫಟಿಕ, ಕೆಲವರ ಕೈಗೆ ನಕಲಿ, ಕೂತು ಧ್ಯಾನ ಮಾಡಿ ಅಂತ. ಕೈ ಜುಮುಜುಮು ಅಂತು, ಬೆಚ್ಚಗಾಯ್ತು, ಮನಸ್ಸು ಹಗುರ ಆಯ್ತು ಅಂತ ಎರಡೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ಥರ ಹೇಳಿದ್ರು. ಏನಾಗುತ್ತೆ ಅಂತ ಮೊದಲೇ ಹೇಳಿಕೊಟ್ಟಿದ್ದವರಿಗೆ ಇನ್ನೂ ಜಾಸ್ತಿ ಅನ್ಸಿತ್ತು. ನೀವು ಐದಾರು ವರ್ಷ ದಿನಾ ಕೂತಿದೀರಲ್ಲ ತಂಪುಗಾಳಿ, ಕೂತಿದ್ದು ನೀವು, ಹೆದರಿಕೆ ಬಿಟ್ಟಿದ್ದು ನೀವು, ಶಹಬ್ಬಾಸ್ ಮಾತ್ರ ಕಲ್ಲಿಗೆ ಕೊಡ್ತಿದೀರಿ.

ತಂಪುಗಾಳಿ:
ಹ್ಮ್. ಚೆನ್ನಾಗಿ ಹೇಳಿದ್ರಿ ಅಂತ ಒಪ್ಕೊಳ್ಳೋಕೆ ಕಷ್ಟ ಆಗ್ತಿದೆ 😅 ಆದ್ರೂ ಕೈಯಲ್ಲಿ ಒಂದು ತಣ್ಣನೆ ಕಲ್ಲು ಇದ್ರೆ ಕೂರೋಕೆ ಮನಸ್ಸು ಬರುತ್ತೆ ಅನ್ನೋದು ಸುಳ್ಳಲ್ಲ. ಅಂದ್ಹಾಗೆ ಟಿಬೆಟಿನ ವೈದ್ಯ ಬುದ್ಧನ ಮೈಬಣ್ಣ ಲ್ಯಾಪಿಸ್ ಅಲ್ವಾ? ಅದಂತೂ ಈಚಿನದಲ್ಲ.

ಹಳೇಪುಟ:
ಒಳ್ಳೇ ಜಾಗ ಹಿಡಿದ್ರಿ. ಭೈಷಜ್ಯಗುರು ವೈಡೂರ್ಯಪ್ರಭ, ಪೂರ್ತಿ ಹೆಸರು ಅದು. ಟಿಬೆಟಿನ ಚಿತ್ರಗಳಲ್ಲಿ ಮೈಯೆಲ್ಲ ಗಾಢ ನೀಲಿ, ಎಡಗೈಲಿ ಪಾತ್ರೆ, ಬಲಗೈಲಿ ಅಳಲೆಕಾಯಿ ಗಿಡ. ಈಗ ನೋಡಿ, ವೈಡೂರ್ಯ ಅಂದ್ರೆ ನಮಗೆ ಬೆಕ್ಕಿನ ಕಣ್ಣಿನ ಕಲ್ಲು, ಸಂಸ್ಕೃತದ ಹಳೇ ಅರ್ಥ ಬೆರಿಲ್ ಅನ್ನೋ ಇನ್ನೊಂದು ರತ್ನ ಇರ್ಬೇಕು ಅಂತ ವಿದ್ವಾಂಸರು ಹೇಳ್ತಾರೆ, ಅದೇ ಪದ ಹಿಮಾಲಯ ದಾಟಿದ ಮೇಲೆ ನೀಲಿ ಅರ್ಥ ಪಡ್ಕೊಂಡು ಇಂಗ್ಲಿಷ್ ಅನುವಾದಕ್ಕೆ ಬಂದಾಗ ಲ್ಯಾಪಿಸ್ ಆಯ್ತು. ಕಲ್ಲು ಬದಲಾಯ್ತು, ಹೆಸರು ಉಳೀತು, ಸಫೈರ್ ಕಥೆ ಮತ್ತೊಂದ್ಸಲ.

ಆದ್ರೆ ಚಿಕಿತ್ಸೆಯ ಸಂಕೇತ ಅಂತ ಯಾವುದನ್ನಾದ್ರೂ ಕರೀಬೇಕು ಅಂದ್ರೆ ಇದನ್ನೇ ಕರೀಬೇಕು ಅನ್ಸುತ್ತೆ ನನಗೆ. ಅವನ ಮೈ ಒಳಗೂ ಹೊರಗೂ ಕಲೆಯಿಲ್ಲದ ವೈಡೂರ್ಯದ ಹಾಗೆ ಹೊಳೀಲಿ ಅನ್ನೋದು ಅವನ ಹನ್ನೆರಡು ಸಂಕಲ್ಪಗಳಲ್ಲಿ ಒಂದು. ಅಲ್ಲಿ ಕಲ್ಲು ರೋಗ ವಾಸಿ ಮಾಡಲ್ಲ, ರೋಗ ಇಲ್ಲದ ಮೈ ಹೇಗಿರುತ್ತೆ ಅಂತ ತೋರಿಸುತ್ತೆ. ಔಷಧಿ ಬೇರೆ ಕೈಲಿದೆ, ಅಳಲೆಕಾಯಿ.

ಉಪ್ಪಿನಕಣ:
ಅಳಲೆಕಾಯಿಗೂ ಭೇದಿ ಆಗುತ್ತಲ್ಲ. ಎಲ್ಲಾ ದಾರೀನೂ ಅಲ್ಲಿಗೇ ಹೋಗ್ತಿದೆ 😂

ಬಣ್ಣದಡಬ್ಬಿ:
ನಾನು ಬಣ್ಣದ ಕಡೆಯಿಂದ ಎರಡು ಮಾತು. ಈ ಕಲ್ಲು ಪುಡಿ ಮಾಡಿ ಸೋಸಿದ್ರೆ ಬರೋದು ಅಲ್ಟ್ರಾಮರೀನ್, ಅಂದ್ರೆ ಕಡಲಾಚೆಯದು. ಸುಮ್ನೆ ಕುಟ್ಟಿ ಪುಡಿ ಮಾಡಿದ್ರೆ ಬೂದಿ ಬಣ್ಣ ಬರುತ್ತೆ, ಕ್ಯಾಲ್ಸೈಟ್ ಎಲ್ಲ ಸೇರಿ. ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ಬರೆದಿಟ್ಟಿರೋ ವಿಧಾನ ಹೀಗೆ: ಪುಡಿಯನ್ನ ಪೈನ್ ಮರದ ರಾಳ, ಮ್ಯಾಸ್ಟಿಕ್ ಅಂಟು, ಮೇಣದ ಜೊತೆ ಕಣಕದ ಥರ ಕಲೆಸಿ, ದಿನಗಟ್ಟಲೆ ನಾದಿ, ಆಮೇಲೆ ಬೂದಿನೀರಲ್ಲಿ ಹಿಸುಕೋದು. ಕೊಳೆಯೆಲ್ಲ ಮುದ್ದೇಲೇ ಉಳಿಯುತ್ತೆ, ನೀಲಿ ಮಾತ್ರ ನೀರಿಗಿಳಿಯುತ್ತೆ. ಮೊದಲ ಹಿಸುಕಿನದು ಶ್ರೇಷ್ಠ, ಕೊನೇದನ್ನ ಅಲ್ಟ್ರಾಮರೀನ್ ಬೂದಿ ಅಂತಾರೆ. ಯುರೋಪಿನಲ್ಲಿ ಚಿನ್ನಕ್ಕೆ ಸಮ ಅಂತ ಲೆಕ್ಕ ಹಾಕ್ತಿದ್ದಿದ್ರಿಂದ ಮೇರಿ ಮಾತೆಯ ಮೇಲುಹೊದಿಕೆಗೆ ಅಂತ ತೆಗೆದಿಡೋರು. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಚಿತ್ರಗಳಲ್ಲಿ, ನಮ್ಮ ಅಜಂತಾದ ಚಿತ್ರಗಳಲ್ಲಿ ಅದಕ್ಕೂ ಮುಂಚೇನೇ ಇದೇ ನೀಲಿ ಇದೆ.

ಒಂದು ವಿಷಯ ಹೇಳ್ದೆ ಇರೋಕಾಗಲ್ಲ. ಜರ್ಮನಿಯ ಡಾಲ್‌ಹೈಮ್ ಅನ್ನೋ ಕಡೆ ಸನ್ಯಾಸಿನಿಯರ ಮಠದ ಹಳೇ ಸ್ಮಶಾನದಲ್ಲಿ ಸಿಕ್ಕ ಒಬ್ಬ ಹೆಂಗಸಿನ ಹಲ್ಲಿನ ಪಾಚಿಯಲ್ಲಿ ಲ್ಯಾಪಿಸ್ ಕಣಗಳು ಸಿಕ್ಕಿದ್ವು, 2019ರಲ್ಲಿ ಪ್ರಕಟ ಆಯ್ತು. ಸುಮಾರು ಸಾವಿರ ವರ್ಷದ ಹಿಂದಿನವಳು. ಕುಂಚದ ತುದಿಯನ್ನ ನಾಲಿಗೇಲಿ ನೆಕ್ಕಿ ಚೂಪು ಮಾಡ್ಕೊಂಡು ಹಸ್ತಪ್ರತಿಗೆ ಬಣ್ಣ ಹಾಕ್ತಿದ್ಲು ಅನ್ನೋದು ಸಂಶೋಧಕರ ಊಹೆ. ಅಷ್ಟು ಬೆಲೆಬಾಳೋ ಬಣ್ಣ ಒಬ್ಬ ಹೆಂಗಸಿನ ಕೈಗೆ ಕೊಟ್ಟಿದ್ರು ಅಂದ್ರೆ ಅವಳು ಸಾಮಾನ್ಯದೋಳಲ್ಲ. ಅವಳ ಹೆಸರು ಯಾವ ಪುಟದಲ್ಲೂ ಇಲ್ಲ, ಹಲ್ಲಲ್ಲಿ ಉಳ್ಕೊಂಡಿತ್ತು ಕೆಲಸ. ನೀಲಿಮಸಿ, ನಿಮ್ಮ ಹೆಸರಿಗೂ ಹೊಂದುತ್ತೆ ನೋಡಿ.

ಇನ್ನು ಈ ನೀಲಿಯ ದುಬಾರಿತನಕ್ಕೆ ಪೂರ್ಣವಿರಾಮ ಬೀಳೋಕೆ ಶುರುವಾಗಿದ್ದು 1824ರಲ್ಲಿ, ಫ್ರಾನ್ಸಿನ ಒಂದು ಸಂಘ ಕೃತಕ ಅಲ್ಟ್ರಾಮರೀನ್ ಮಾಡಿದವರಿಗೆ 6000 ಫ್ರಾಂಕ್ ಬಹುಮಾನ ಅಂತ ಘೋಷಿಸ್ತು. 1828ರಲ್ಲಿ ಗಿಮೆ ಅನ್ನೋರು ಗೆದ್ರು. ಜೇಡಿಮಣ್ಣು, ಸೋಡಾ, ಇದ್ದಿಲು, ಗಂಧಕ ಹಾಕಿ ಕಾಯ್ಸೋದು ಅಷ್ಟೆ, ಕಲ್ಲುಬಂಡೆ ಹೇಳಿದ ಅದೇ ಪಂಜರ ಕುಲುಮೇಲಿ ಹುಟ್ಟುತ್ತೆ. ಬಿಳಿ ಬಟ್ಟೆ ಹಳದಿ ಕಾಣಬಾರ್ದು ಅಂತ ಹಾಕೋ ನೀಲಿ ಪುಡಿ ಇತ್ತಲ್ಲ, ಅದು ಇದೇ. ಫೇರೋ ಹುಬ್ಬಿನಿಂದ ಬನಿಯನ್‌ವರೆಗೆ.

ನೀಲಿಮಸಿ:
ಎಲ್ರಿಗೂ ಕೈಮುಗಿದೆ, ಎರಡು ಸಲ ಓದಿದೆ. ಈಗ ಕೊನೇ ಪ್ರಶ್ನೆ, ನನ್ನದು ಅಸಲೀನಾ? ಮನೇಲಿ ಹೇಗೆ ನೋಡೋದು?

ಕಲ್ಲುಬಂಡೆ:
ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ನೀಲಿ ಬಣ್ಣ ಕುಡಿಸಿ ಲ್ಯಾಪಿಸ್ ಅಂತ ಮಾರ್ತಾರೆ. ಬಣ್ಣ ಹಾಕಿದ ಜಾಸ್ಪರ್ ಅನ್ನೋ ಕಲ್ಲಿಗೆ ಸ್ವಿಸ್ ಲ್ಯಾಪಿಸ್ ಅಂತ ಚಂದದ ಹೆಸರು ಬೇರೆ. ಸೋಡಲೈಟ್ ಅಂತ ಇನ್ನೊಂದಿದೆ, ಅದು ನಕಲಿ ಅಲ್ಲ, ಬೇರೆ ಕಲ್ಲು, ಸಾಮಾನ್ಯವಾಗಿ ಪೈರೈಟ್ ಇರಲ್ಲ, ಕೈಲಿ ಹಿಡಿದ್ರೆ ಹಗುರ. ಮೊದ್ಲು ಭೂತಗನ್ನಡಿ ಹಿಡಿದು ಬಂಗಾರದ ಚುಕ್ಕಿ ನೋಡಿ: ಅಸಲೀಲಿ ಅಂಚು ಓರೆಕೋರೆ, ಕೆಲವು ಕಡೆ ಗುಂಪು, ಕೆಲವು ಕಡೆ ಏನೂ ಇಲ್ಲ. ಎಲ್ಲ ಕಡೆ ಸಮವಾಗಿ ಮಿನುಗುಪುಡಿ ಎರಚಿದ ಹಾಗಿದ್ರೆ ಅನುಮಾನ ಪಡಿ. ಆಮೇಲೆ ಉಗುರುಬಣ್ಣ ತೆಗೆಯೋ ಅಸಿಟೋನ್‌ನ ಹತ್ತಿ ತುದಿಗೆ ಮುಟ್ಟಿಸಿ ಹಿಂಬದಿಯ ಒಂದು ಮೂಲೇಲಿ ಮೆಲ್ಲಗೆ ಉಜ್ಜಿ. ಹತ್ತಿ ನೀಲಿ ಆದ್ರೆ ಡೈ ಇದೆ. ನೋಟು ಪರೀಕ್ಷೆ ಮಾಡೋ ನೇರಳೆ ಟಾರ್ಚ್ ಇದ್ರೆ ಕತ್ತಲೇಲಿ ಹಿಡೀರಿ, ಕ್ಯಾಲ್ಸೈಟ್ ಇರೋ ಕಡೆ ಕೆಲವು ಸಲ ಕಿತ್ತಳೆ ಚುಕ್ಕಿ ಹೊಳೆಯುತ್ತೆ. ಇನ್ನೊಂದು ಪರೀಕ್ಷೆ ಇದೆ, ಒಂದು ತೊಟ್ಟು ಆಮ್ಲ ಹಾಕಿದ್ರೆ ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಪಂಜರ ಒಡೆದು ಗಂಧಕ ಆಚೆ ಬರೋದ್ರಿಂದ. ಅದನ್ನ ಮಾಡಬೇಡಿ, ಕಲ್ಲಿಗೆ ಕಲೆ ಬೀಳುತ್ತೆ. ನಿಂಬೆರಸ, ಸೆಂಟು, ಉಪ್ಪು ಯಾವುದೂ ಹತ್ರ ಬರಬಾರ್ದು.

ಉಪ್ಪಿನಕಣ:
ಉಪ್ಪು ನಾನು ದೂರ ಹೋಗ್ತೀನಿ ಹಾಗಾದ್ರೆ.

ಹಳೇಪುಟ:
ಹೊಸದಾಗಿ ಕೊಳ್ಳೋ ಆಸೆ ಬಂದವರಿಗೆ ಒಂದು ಮಾತು. ಬದಖ್‌ಶಾನಿನ ಗಣೀನ 2014ರಲ್ಲಿ ಬಂದೂಕು ಹಿಡಿದವರು ವಶ ಮಾಡ್ಕೊಂಡ್ರು, ಆ ದುಡ್ಡು ಸಶಸ್ತ್ರ ಗುಂಪುಗಳಿಗೂ ತಾಲಿಬಾನಿಗೂ ಹೋಗ್ತಿದೆ ಅಂತ ಗ್ಲೋಬಲ್ ವಿಟ್ನೆಸ್ ಸಂಸ್ಥೆ 2016ರಲ್ಲಿ ವರದಿ ಕೊಟ್ಟಿತ್ತು. ಶಾಂತಿಯ ಕಲ್ಲು ಅಂತ ಲೇಬಲ್ ಹಚ್ಚಿ ಮಾರೋ ಅಂಗಡಿಗಳಲ್ಲಿ ಇದು ಯಾವ ಗಣಿಯದು ಅಂತ ಕೇಳಿ ನೋಡಿ, ಮುಖ ನೋಡ್ತಾರೆ.

ತಂಪುಗಾಳಿ:
ಇದು ನನಗೆ ಗೊತ್ತಿರ್ಲಿಲ್ಲ. ನಿಜವಾಗ್ಲೂ ಕಸಿವಿಸಿ ಆಯ್ತು.

ನೀಲಿಮಸಿ:
ಪರೀಕ್ಷೆ ಮಾಡ್ದೆ. ಚುಕ್ಕಿಗಳು ಓರೆಕೋರೆ, ಒಂದು ಕಡೆ ಗುಂಪಾಗಿವೆ. ಟಾರ್ಚ್ ಪಕ್ಕದ ಮನೆಯವರ ಹತ್ರ ತಂದೆ, ಬಿಳಿ ಗೆರೆ ಹತ್ರ ಎರಡು ಕಿತ್ತಳೆ ಚುಕ್ಕಿ ಬಂತು, ಎಷ್ಟು ಚೆಂದ ಅಂತೀರಿ. ಆದ್ರೆ ಹತ್ತಿ ತೆಳು ನೀಲಿ ಆಯ್ತು 😞

ಕಲ್ಲುಬಂಡೆ:
ಹಾಗಾದ್ರೆ ಕಲ್ಲು ಅಸಲಿ ಲ್ಯಾಪಿಸ್ಸೇ ಇರ್ಬೇಕು, ಬಿಳಿ ಜಾಸ್ತಿ ಇತ್ತು ಅಂತ ಬಣ್ಣ ಕುಡಿಸಿದಾರೆ. ಇದು ತೀರಾ ಮಾಮೂಲಿ. ಖಾತ್ರಿ ಬೇಕು ಅಂದ್ರೆ ರತ್ನ ಪರೀಕ್ಷೆ ಮಾಡೋ ಪ್ರಯೋಗಾಲಯಕ್ಕೇ ಕೊಡ್ಬೇಕು. ಇನ್ಮೇಲೆ ಅಸಿಟೋನ್ ಹಚ್ಚಬೇಡಿ, ಇರೋ ಬಣ್ಣಾನೂ ಹೋಗುತ್ತೆ.

ತಂಪುಗಾಳಿ:
ಪರ್ವಾಗಿಲ್ಲ ಬಿಡಿ ನೀಲಿಮಸಿ, ಕೊರಳಿಗೆ ಹಾಕ್ಕೊಳ್ಳಿ. ಹಳೇಪುಟ ಹೇಳಿದ್ರಲ್ಲ, ನೆನಪಿಟ್ಕೊಳ್ಳೋ ಕಲ್ಲು ಅಂತ. ಅದಕ್ಕೆ ಡೈ ಇದ್ರೇನು ಬಿಟ್ರೇನು.

ನೀಲಿಮಸಿ:
ಹಾಕ್ಕೊಂಡೇ ಟೈಪ್ ಮಾಡ್ತಿದೀನಿ. ಚೀಟೀನೂ ಅದೇ ಡಬ್ಬೀಲಿ ಇಟ್ಟೆ. ಬಾಟಲಿ ನೀರನ್ನ ಗಿಡಕ್ಕೆ ಹಾಕೋಣ ಅಂತ ಹೋದೆ, ಆಮೇಲೆ ಪಾಪ ಗಿಡ ಏನು ಮಾಡಿತ್ತು ಅಂತ ಸಿಂಕಿಗೆ ಚೆಲ್ಲಿದೆ.

ಸುಮ್ನೆಓದ್ತೀನಿ:
ಸಿಂಕಿನ ಗಂಟಲು ಸರಿಯಾಯ್ತಾ ನಾಳೆ ಹೇಳಿ